ಮೊದಲ ರೋಮನ್ ಬೆಳ್ಳಿ ನಾಣ್ಯ: ಕೊಳ್ಳುವ ಮುಂಚೆ, ಕೊಂಡ ಮೇಲೆ

ಪ್ರಶ್ನೆ: ನಾನು ಕೆಲಸದ ಮೇಲೆ ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದೇನೆ. ಇಲ್ಲಿ ಅಂಗಡಿಗಳಲ್ಲಿ ರೋಮನ್ ಬೆಳ್ಳಿ ನಾಣ್ಯ ಸಿಗುತ್ತವೆ. ಮೊದಲನೆಯದು ಯಾರದ್ದು ಕೊಳ್ಳಲಿ? ಜೂಲಿಯಸ್ ಸೀಸರ್‌ನದು ಆಗಬಹುದಾ?

ಸೀಸರ್ ಸದ್ಯಕ್ಕೆ ಬೇಡ. ಹೆಸರು ದೊಡ್ಡದಾದಷ್ಟೂ ಬೆಲೆ ಜಾಸ್ತಿ, ನಕಲಿಯೂ ಜಾಸ್ತಿ. ಯೇಸುವಿನ ಕಾಲದ ರೋಮನ್ ಚಕ್ರವರ್ತಿ ಟೈಬೀರಿಯಸ್‌ನ ನಾಣ್ಯವೂ ಹಾಗೇ. ಬೈಬಲ್ಲಿನಲ್ಲಿ ಯೇಸು ‘ಇದರ ಮೇಲಿರುವುದು ಯಾರ ಮುಖ’ ಎಂದು ಕೇಳಿದ್ದು ಆ ನಾಣ್ಯವನ್ನೇ ತೋರಿಸಿ ಎಂಬ ನಂಬಿಕೆ ಇದೆ. ಹಾಗಾಗಿ ಅದು ಎಷ್ಟು ಸಿಕ್ಕರೂ ದುಬಾರಿಯೇ. ಟ್ರೇಜನ್, ಹೇಡ್ರಿಯನ್, ಆಂಟೊನೈನಸ್ ಪಯಸ್, ಈ ಚಕ್ರವರ್ತಿಗಳ ಡಿನೇರಿಯಸ್ ಎಂಬ ಬೆಳ್ಳಿ ನಾಣ್ಯಗಳಿಂದ ಶುರು ಮಾಡಿ. ಬೇಕಾದಷ್ಟು ಸಿಗುತ್ತವೆ, ಕೆತ್ತನೆ ಚೆನ್ನಾಗಿರುತ್ತದೆ, ಬೆಳ್ಳಿಯೂ ಪರವಾಗಿಲ್ಲ.

ನನ್ನನ್ನು ಕೇಳಿದರೆ ಟ್ರೇಜನ್‌ನೇ ಮೊದಲು. ಯಾಕೆಂದರೆ ಅವನ ನಾಣ್ಯವನ್ನು ಓದಿ ಅದರ ಕಾಲ ಹೇಳಬಹುದು. ಮುಂಭಾಗದಲ್ಲಿ ತಲೆಯ ಸುತ್ತ ಅವನ ಬಿರುದುಗಳಿರುತ್ತವೆ. ‘ಗೆರ್’ (GER) ಅಂದರೆ ಜರ್ಮನಿ ಗೆದ್ದವನು, ‘ಡಾಕ್’ (DAC) ಅಂದರೆ ಡೇಸಿಯ ಗೆದ್ದವನು. ಡೇಸಿಯ ಅಂದರೆ ಇವತ್ತಿನ ರೊಮೇನಿಯಾದ ಕಡೆ. ಈ ಎರಡನೇ ಬಿರುದು ಅವನಿಗೆ ಬಂದದ್ದು ಕ್ರಿ.ಶ. 102ರಲ್ಲಿ. ಈಗ ನಾಣ್ಯ ತಿರುಗಿಸಿ. ‘ಕೋಸ್’ (COS) ಎಂಬ ಅಕ್ಷರಗಳ ನಂತರ ರೋಮನ್ ಅಂಕಿಯಲ್ಲಿ 5 (V) ಇದ್ದರೆ, ಅವನು ಐದನೇ ಸಲ ಕಾನ್ಸಲ್, ಅಂದರೆ ರೋಮಿನ ಒಂದು ಉನ್ನತ ಪದವಿಯವನು, ಆಗಿದ್ದಾನೆ ಎಂದರ್ಥ. ಅದು 103ರಲ್ಲಿ. ಆರನೇ ಸಲ ಆದದ್ದು 112ರಲ್ಲಿ. ಅಂದರೆ ನಿಮ್ಮ ಕೈಯಲ್ಲಿರುವುದು 103ರಿಂದ 111ರ ಒಳಗೆ ಅಚ್ಚಾದ ನಾಣ್ಯ. ಉಳಿದ ಅಕ್ಷರಗಳು ಸೆನೆಟ್ ಮತ್ತು ರೋಮಿನ ಜನ ಅವನನ್ನು ‘ಅತ್ಯುತ್ತಮ ನಾಯಕ’ ಎಂದು ಕರೆದದ್ದನ್ನು ಹೇಳುತ್ತವೆ. ಲ್ಯಾಟಿನ್ ಬರಬೇಕಿಲ್ಲ. ಇಂಥ ಹತ್ತಿಪ್ಪತ್ತು ಚುಟುಕು ಪದ ಗೊತ್ತಿದ್ದರೆ ಸಾಕು, ಮುಕ್ಕಾಲು ಪಾಲು ನಾಣ್ಯಗಳನ್ನು ನೀವೇ ಓದಬಹುದು. ಓದಿದ್ದನ್ನು ತಾಳೆ ನೋಡಲು ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ‘ಓಕ್ರೆ’ ಎಂಬ ಆನ್‌ಲೈನ್ ಪಟ್ಟಿ ಇದೆ. ದುಡ್ಡು ಕೊಡಬೇಕಿಲ್ಲ.

‘ಬೆಳ್ಳಿ’ ಎಂಬ ಮಾತಿನ ಬಗ್ಗೆ ಒಂದು ಎಚ್ಚರಿಕೆ. ಡಿನೇರಿಯಸ್ ಕ್ರಿ.ಪೂ. 211ರ ಸುಮಾರಿಗೆ, ಕಾರ್ಥೇಜಿನ ಸೇನಾಪತಿ ಹ್ಯಾನಿಬಲ್‌ನ ಜೊತೆ ಯುದ್ಧ ನಡೆಯುತ್ತಿದ್ದಾಗ ಹುಟ್ಟಿತು. ಆಗ ಅದು ಹೆಚ್ಚು ಕಡಿಮೆ ಅಪ್ಪಟ ಬೆಳ್ಳಿ. ಕ್ರಿ.ಶ. 64ರಲ್ಲಿ ಚಕ್ರವರ್ತಿ ನೀರೊ ತೂಕವನ್ನೂ ಇಳಿಸಿದ, ತಾಮ್ರವನ್ನೂ ಬೆರೆಸಿದ. ಸೆಪ್ಟಿಮಿಯಸ್ ಸೆವೆರಸ್‌ನ ಹೊತ್ತಿಗೆ ಬೆಳ್ಳಿ ಸುಮಾರು ಅರ್ಧಕ್ಕೆ ಬಂತು. 215ರಲ್ಲಿ ಕ್ಯಾರಕಲ್ಲ ಹೊಸ ನಾಣ್ಯ ತಂದ. ರಾಜನ ತಲೆಗೆ ಸೂರ್ಯಕಿರಣದ ಕಿರೀಟ ಇರುತ್ತದೆ, ಗುರುತು ಸುಲಭ. ಎರಡು ಡಿನೇರಿಯಸ್‌ನ ಬೆಲೆ ಎಂದು ಅದನ್ನು ಚಲಾಯಿಸಿದರು ಎನ್ನುತ್ತಾರೆ. ಆದರೆ ಬೆಳ್ಳಿ ಇದ್ದದ್ದು ಒಂದೂವರೆಯಷ್ಟು ಮಾತ್ರ. 260ರ ದಶಕದಲ್ಲಿ, ಗ್ಯಾಲಿಯೀನಸ್‌ನ ಕಾಲದಲ್ಲಿ, ಅದೇ ನಾಣ್ಯ ತಾಮ್ರದ ಮೇಲೆ ಬೆಳ್ಳಿಯ ತೆಳು ಲೇಪ ಅಷ್ಟೇ. ಅದನ್ನೂ ‘ರೋಮನ್ ಸಿಲ್ವರ್’ ಎಂದೇ ಮಾರುವವರಿದ್ದಾರೆ. ಕೊಳ್ಳಬೇಡಿ ಅನ್ನುತ್ತಿಲ್ಲ, ನನಗೆ ಅವೂ ಇಷ್ಟವೇ. ಆದರೆ ಏನು ಕೊಳ್ಳುತ್ತಿದ್ದೇವೆ ಅಂತ ಗೊತ್ತಿರಬೇಕು, ಅಲ್ವಾ?

ಪ್ರಶ್ನೆ: ಅಸಲಿಯೋ ನಕಲಿಯೋ ಎಂದು ಮನೆಯಲ್ಲೇ ತಿಳಿಯುವುದು ಹೇಗೆ?

ಪೂರ್ತಿಯಾಗಿ ತಿಳಿಯಲು ಆಗುವುದಿಲ್ಲ. ಕೆಟ್ಟ ನಕಲಿಯನ್ನು ಮಾತ್ರ ಹಿಡಿಯಬಹುದು. ಮೊದಲು ತೂಕ ನೋಡಿ. ಟ್ರೇಜನ್‌ನ ಡಿನೇರಿಯಸ್ 3 ಗ್ರಾಂನಿಂದ ಮೂರೂವರೆ ಗ್ರಾಂ ಒಳಗಿರಬೇಕು, ಅಗಲ ಸುಮಾರು 18 ಮಿಲಿಮೀಟರ್. ಆಮೇಲೆ ಭೂತಗನ್ನಡಿ ಹಿಡಿದು ಅಂಚು ನೋಡಿ. ರೋಮನ್ನರು ಬೆಳ್ಳಿಯ ಬಿಲ್ಲೆಯನ್ನು ಎರಡು ಅಚ್ಚಿನ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಆ ಏಟಿಗೆ ಅಂಚು ಅಲ್ಲಲ್ಲಿ ಸೀಳುತ್ತದೆ, ಚಿತ್ರ ಒಂದು ಕಡೆಗೆ ಜರುಗುತ್ತದೆ. ಎರಕ ಹೊಯ್ದ ನಕಲಿಯಲ್ಲಿ ಅಂಚಿನ ಉದ್ದಕ್ಕೂ ಗೆರೆ ಕಾಣುತ್ತದೆ ಅಥವಾ ಅದನ್ನು ಅರದಿಂದ ಉಜ್ಜಿದ ಗುರುತು ಇರುತ್ತದೆ. ಅಕ್ಷರಗಳ ಮೂಲೆ ಸಾಬೂನು ಸವೆದ ಹಾಗೆ ಮೊಂಡಾಗಿರುತ್ತದೆ, ಗಾಳಿಗುಳ್ಳೆಯ ಸಣ್ಣ ತೂತುಗಳಿರುತ್ತವೆ.

ಅಚ್ಚು ಕೆತ್ತಿ ಹೊಡೆದ ನಕಲಿ ಬೇರೆಯೇ ಮಾತು. ಜರ್ಮನಿಯ ಕಾರ್ಲ್ ವಿಲ್ಹೆಲ್ಮ್ ಬೆಕರ್ ಎಂಬಾತ 19ನೇ ಶತಮಾನದ ಆರಂಭದಲ್ಲೇ ಅದನ್ನು ಮಾಡಿದ್ದ. ಹೊಸ ನಾಣ್ಯಗಳನ್ನು ಕಬ್ಬಿಣದ ಪುಡಿ ತುಂಬಿದ ಡಬ್ಬಿಯಲ್ಲಿ ಹಾಕಿ, ಸಾರೋಟಿಗೆ ಕಟ್ಟಿ ಊರೂರು ಸುತ್ತಿಸಿ ಸವೆಸುತ್ತಿದ್ದನಂತೆ. ಇವತ್ತಿನವರ ಕೈಯಲ್ಲಿ ಇನ್ನೂ ಒಳ್ಳೆಯ ಯಂತ್ರಗಳಿವೆ. ಆದ್ದರಿಂದ ನಕಲಿ ಎಂದು ಯಾವಾಗ ಗೊತ್ತಾದರೂ ದುಡ್ಡು ವಾಪಸ್ ಕೊಡುತ್ತೇನೆ ಎಂದು ಬರೆದುಕೊಡುವವರ ಹತ್ತಿರ ಮಾತ್ರ ಕೊಳ್ಳಿ. ಹಳೆಯ ಹರಾಜಿನ ಚೀಟಿ, ಹಿಂದಿನ ಸಂಗ್ರಹದ ವಿವರ ಜೊತೆಗಿದ್ದರೆ ಸ್ವಲ್ಪ ಜಾಸ್ತಿ ಕೊಟ್ಟರೂ ನಷ್ಟವಿಲ್ಲ. ಆ ಕಾಗದ ನಾಣ್ಯ ಕದ್ದದ್ದಲ್ಲ ಅನ್ನುವುದಕ್ಕೂ ಆಧಾರ.

ಅಂದಹಾಗೆ, ಸವೆದ ಕಡೆ ಒಳಗಿನ ತಾಮ್ರ ಇಣುಕಿದರೆ ತಕ್ಷಣ ಬಿಸಾಡಬೇಡಿ. ತಾಮ್ರಕ್ಕೆ ಬೆಳ್ಳಿಯ ಹಾಳೆ ಸುತ್ತಿ ಮೋಸ ಮಾಡುವವರು ರೋಮಿನಲ್ಲೇ ಇದ್ದರು. ಅಂಥದ್ದು ಎರಡು ಸಾವಿರ ವರ್ಷ ಹಳೆಯ ನಕಲಿ, ಸಂಗ್ರಹಕಾರರು ಅದನ್ನೂ ಕೊಳ್ಳುತ್ತಾರೆ.

ಪ್ರಶ್ನೆ: ಕೊಂಡ ನಾಣ್ಯ ಕಪ್ಪಾಗಿದೆ. ದೇವರ ಮನೆಯ ಬೆಳ್ಳಿಯಂತೆ ಹುಣಸೆಹಣ್ಣು, ವಿಭೂತಿ ಹಾಕಿ ಉಜ್ಜಲಾ?

ದಯವಿಟ್ಟು ಬೇಡ. ಟೂತ್‌ಪೇಸ್ಟೂ ಬೇಡ. ಆ ಕಪ್ಪು ಛಾಯೆ ಬರಲು ಬಹಳ ಕಾಲ ಬೇಕು, ಸಂಗ್ರಹಕಾರರು ಅದಕ್ಕೇ ಬೆಲೆ ಕೊಡುವುದು. ಉಜ್ಜಿದ ಗೀರು ಮತ್ತೆ ಹೋಗುವುದಿಲ್ಲ. ಮಣ್ಣಲ್ಲಿದ್ದ ಬೆಳ್ಳಿ ಎಷ್ಟೋ ಸಲ ಒಳಗೊಳಗೇ ಹರಳುಗಟ್ಟಿರುತ್ತದೆ. ಕೈತಪ್ಪಿ ನೆಲಕ್ಕೆ ಬಿದ್ದರೆ ಎರಡು ಹೋಳು. ಮೆತ್ತನೆಯ ಬಟ್ಟೆ ಹಾಸಿ ಅದರ ಮೇಲೆಯೇ ನೋಡಿ, ಅಂಚಿನಲ್ಲಿ ಹಿಡಿಯಿರಿ. ಪಿವಿಸಿ ಪ್ಲಾಸ್ಟಿಕ್ ಕವರಿನಲ್ಲಿ ಇಡಬೇಡಿ, ಹಸಿರು ಅಂಟು ಬಿಡುತ್ತದೆ.

ಪ್ರಶ್ನೆ: ನಮ್ಮದು ಚಿತ್ರದುರ್ಗದ ಹತ್ತಿರ. ಚಂದ್ರವಳ್ಳಿಯಲ್ಲಿ ರೋಮನ್ ನಾಣ್ಯ ಸಿಕ್ಕಿತ್ತಂತೆ. ಹೊಲ ಉಳುವಾಗ ಅಂಥದ್ದು ಸಿಕ್ಕರೆ ಇಟ್ಟುಕೊಳ್ಳಬಹುದಾ?

ಸಿಕ್ಕಿದ್ದು ನಿಜ. ಬೆಂಗಳೂರಿನ ಯಶವಂತಪುರದಲ್ಲೂ 1891ರಲ್ಲಿ ಡಿನೇರಿಯಸ್‌ಗಳ ರಾಶಿಯೇ ಸಿಕ್ಕಿತ್ತು. ಭಾರತಕ್ಕೆ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ಹರಿದು ಹೋಗುತ್ತಿದೆ ಎಂದು ರೋಮಿನ ಲೇಖಕ ಪ್ಲಿನಿ ಆ ಕಾಲದಲ್ಲೇ ಗೊಣಗಿದ್ದ. ನಾಲ್ಕು ಸೆಸ್ಟರ್ಸ್‌ಗೆ ಒಂದು ಡಿನೇರಿಯಸ್. ದಕ್ಷಿಣ ಭಾರತದಲ್ಲಿ ಸಿಗುವ ಡಿನೇರಿಯಸ್‌ಗಳು ಹೆಚ್ಚಾಗಿ ಆಗಸ್ಟಸ್ ಮತ್ತು ಟೈಬೀರಿಯಸ್‌ನವು. ನೀರೊ ಬೆರಕೆ ಮಾಡುವ ಮುಂಚಿನ ಒಳ್ಳೆಯ ಬೆಳ್ಳಿಯನ್ನೇ ನಮ್ಮ ವ್ಯಾಪಾರಿಗಳು ಆರಿಸಿಕೊಂಡರು ಎಂದು ಹಲವು ವಿದ್ವಾಂಸರು ಹೇಳುತ್ತಾರೆ.

ಇಷ್ಟೆಲ್ಲ ಗೊತ್ತಾದದ್ದು ಯಾವ ನಾಣ್ಯ ಎಲ್ಲಿ, ಯಾವುದರ ಜೊತೆ ಸಿಕ್ಕಿತು ಎಂದು ಬರೆದಿಟ್ಟದ್ದರಿಂದ. ರಾಶಿ ಹಂಚಿಹೋದರೆ ಆ ವಿಷಯವೂ ಹೋಯಿತು. ಆದ್ದರಿಂದ ಇಟ್ಟುಕೊಳ್ಳುವ ಹಾಗಿಲ್ಲ, ಮಾರುವ ಹಾಗೂ ಇಲ್ಲ. ನೆಲದಲ್ಲಿ ನಿಧಿ ಸಿಕ್ಕರೆ ಜಿಲ್ಲಾಡಳಿತಕ್ಕೆ ತಿಳಿಸಬೇಕು ಎಂಬ ಕಾನೂನು 1878ರಿಂದಲೂ ಇದೆ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಸಿಕ್ಕರೆ ತೊಳೆಯಬೇಡಿ. ಜಾಗದ ಫೋಟೊ ತೆಗೆಯಿರಿ, ಎಷ್ಟು ಆಳದಲ್ಲಿತ್ತು, ಸುತ್ತ ಮಡಕೆಯ ಚೂರು ಇತ್ತಾ ಎಂದು ಬರೆದಿಡಿ. ಆಮೇಲೆ ತಹಶೀಲ್ದಾರರ ಕಚೇರಿಗೆ ತಿಳಿಸಿ, ಕೊಟ್ಟದ್ದಕ್ಕೆ ರಸೀದಿ ಕೇಳಿ ಪಡೆಯಿರಿ.