2013ರ ಇಟಿಯೋಸ್ ಡೀಸೆಲ್, ಮೀಟರಲ್ಲಿ 92 ಸಾವಿರ: ತಗೋಬಹುದಾ?

ಸರ್, ಮಂಡ್ಯದಿಂದ ಮೈಸೂರಿಗೆ ದಿನಾ ಓಡಾಡೋಕೆ 2013ರ ಟೊಯೊಟಾ ಇಟಿಯೋಸ್ ಡೀಸೆಲ್ ನೋಡಿದೀನಿ, ಎರಡನೇ ಓನರ್, 92 ಸಾವಿರ ಓಡಿದೆ, ಬ್ರೋಕರ್ ಕಣ್ಮುಚ್ಕೊಂಡು ತಗೊಳ್ಳಿ ಅಂತಿದಾನೆ, ಏನ್ ಮಾಡ್ಲಿ ಅಂತ ಕೇಳಿದೀರ. ಮಾಡೆಲ್ ಒಳ್ಳೇದೇ, ಆದ್ರೆ ಕಣ್ಮುಚ್ಕೊಂಡು ಮಾತ್ರ ಬೇಡ. ನಾನು ಮೈಸೂರಲ್ಲಿ ಇದೇ ಡೀಸೆಲ್ ಇಟಿಯೋಸ್ ಓಡಿಸ್ತೀನಿ, ನೆಂಟರಿಷ್ಟರಿಗೆ ಅಂತ ಸೆಕೆಂಡ್ ಹ್ಯಾಂಡ್ ಗಾಡಿ ನೋಡೋಕೂ ಸುಮಾರು ಸಲ ಹೋಗಿದೀನಿ, ಆ ಅನುಭವದ ಮೇಲೆ ಹೇಳ್ತಿದೀನಿ.

ನಮ್ಮ ಬಿಡದಿಯಲ್ಲೇ ತಯಾರಾದ ಗಾಡಿ ಇದು, 2010ರ ಕೊನೇಲಿ ಬಂತು, 2020ರಲ್ಲಿ ಬಿಎಸ್6 ಅನ್ನೋ ಹೊಗೆ ನಿಯಮ ಬಂದಾಗ ನಿಂತೋಯ್ತು. 1364 ಸಿಸಿ ಇಂಜಿನ್, ಪವರ್ ಬರೀ 68 ಪಿಎಸ್, ಸೌಂಡು ವೈಬ್ರೇಶನ್ನು ಜಾಸ್ತಿ, ಒಳಗಡೆ ಪ್ಲಾಸ್ಟಿಕ್ ಸಾಧಾರಣ, ಹಳೇದಾದ್ಮೇಲೆ ಅಲ್ಲಿ ಇಲ್ಲಿ ಕಟಕಟ ಅನ್ನತ್ತೆ. ಅದೆಲ್ಲ ಸಹಿಸ್ಕೋಬಹುದು, ಯಾಕಂದ್ರೆ ಟೈಮಿಂಗ್ ಬೆಲ್ಟ್ ಅಲ್ಲ ಚೈನು, ಬೆಲ್ಟ್ ತರ ಇಷ್ಟು ಕಿಲೋಮೀಟರಿಗೊಮ್ಮೆ ಅಂತ ಬದಲಿಸಬೇಕಿಲ್ಲ, ಟೈಮಿಗೆ ಸರಿಯಾಗಿ ಆಯಿಲ್ ಚೇಂಜ್ ಮಾಡಿಸಿದ್ರೆ ಇಂಜಿನ್ ತುಂಬಾ ಬಾಳಿಕೆ ಬರತ್ತೆ, ಡಿಕ್ಕಿ 595 ಲೀಟರ್. ಟ್ಯಾಕ್ಸಿಯವರು ಇದಕ್ಕೆ ಮುಗಿಬಿದ್ದಿದ್ದೂ ಇದೇ ಕಾರಣಕ್ಕೆ, ನೀವು ಹುಷಾರಾಗಿರಬೇಕಾದ್ದೂ ಅದಕ್ಕೇ.

ಮೈಸೂರಂದ್ರೆ ಟೂರಿಸ್ಟ್ ಊರು. ಇಲ್ಲಿನ ಎಷ್ಟೋ ಇಟಿಯೋಸ್‌ಗಳು ಊಟಿ, ಮಡಿಕೇರಿ ಅಂತ ಘಾಟ್ ಹತ್ತಿ ಇಳಿದು ಕ್ಲಚ್ಚು ಬ್ರೇಕು ಸವೆಸ್ಕೊಂಡಿರೋವು, ಅಂಥವು ಆಮೇಲೆ ಯೆಲ್ಲೋ ಬೋರ್ಡಿಂದ ವೈಟ್ ಬೋರ್ಡಿಗೆ ಕನ್ವರ್ಟ್ ಆಗಿ ಮಾರಾಟಕ್ಕೆ ಬರ್ತವೆ. ನೀವೇ ಲೆಕ್ಕ ಹಾಕಿ, 12 ವರ್ಷಕ್ಕೆ 92 ಸಾವಿರ ಅಂದ್ರೆ ದಿನಕ್ಕೆ 21 ಕಿಲೋಮೀಟರ್. ಅಷ್ಟಕ್ಕೆ ಯಾರಾದ್ರೂ ಡೀಸೆಲ್ ತಗೊಳ್ತಾರಾ? ಕೆಲವರು ತಗೊಂಡಿರಬಹುದು, ಇಲ್ಲ ಅನ್ನಲ್ಲ, ಆದ್ರೆ ಅದಕ್ಕೆ ಸರ್ವಿಸ್ ಬಿಲ್ ತೋರಿಸ್ಬೇಕು. ಗಾಡಿ ನಂಬರ್ ಕೊಟ್ಟು ಕಂಪನಿ ಸರ್ವಿಸ್ ಸೆಂಟರಲ್ಲಿ ಹಿಸ್ಟರಿ ಕೇಳಿ, ಆರ್‌ಟಿಒದಲ್ಲಿ ಬಿ ಎಕ್ಸ್‌ಟ್ರಾಕ್ಟ್ ತೆಗೆಸಿ. ಹಳೇ ಓನರ್‌ಗಳು, ಲೋನು, ಟ್ಯಾಕ್ಸು ಎಲ್ಲ ಅದರಲ್ಲಿ ಸಿಗತ್ತೆ. ಅದು ಕೈಗೆ ಬರೋವರೆಗೂ ಅಡ್ವಾನ್ಸ್ ಅಂತ ಒಂದು ರೂಪಾಯಿನೂ ಕೊಡಬೇಡಿ.

ಮೀಟರ್ ತಿರುಗಿಸೋರು ಸೀಟ್ ಕವರ್ ಹೊಸದು ಹಾಕ್ತಾರೆ, ಸ್ಟಿಯರಿಂಗಿಗೂ ಕವರ್ ಹೊಲಿಸ್ತಾರೆ, ಆದ್ರೆ ಪೆಡಲ್ ಮರೆತುಬಿಡ್ತಾರೆ. ನನ್ನ ಸೋದರಮಾವನಿಗೆ ಅಂತ ನೋಡೋಕೆ ಹೋಗಿದ್ದ ಒಂದು ಗಾಡೀಲಿ ಮೀಟರ್ 70 ಸಾವಿರ ಚಿಲ್ರೆ ತೋರಿಸ್ತಿತ್ತು, ಬಗ್ಗಿ ಟಾರ್ಚ್ ಹಾಕಿ ನೋಡಿದ್ರೆ ಕ್ಲಚ್ ಪೆಡಲ್ ರಬ್ಬರಿನ ಗೆರೆಗಳೆಲ್ಲ ಸವೆದು ನುಣ್ಣಗಾಗಿ, ಬಲಗಡೆ ಮೂಲೇಲಿ ಕಬ್ಬಿಣ ಹೊಳೀತಿತ್ತು. ಬಿಟ್ಟು ಬಂದ್ವಿ. ಪೆಡಲ್ ರಬ್ಬರೂ ಹೊಚ್ಚಹೊಸದಾಗಿದ್ರೆ ಇನ್ನೂ ಅನುಮಾನ ಪಡಿ.

ನೋಡೋಕೆ ಬೆಳಿಗ್ಗೆ ಹೋಗಿ, ಸ್ಟಾರ್ಟ್ ಮಾಡಿ ಇಡಬೇಡಿ ಅಂತ ಮೊದಲೇ ಹೇಳಿರಿ, ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿ, ಬಿಸಿ ಇದ್ರೆ ಏನೋ ಮುಚ್ಚಿಡ್ತಿದಾರೆ ಅಂತಲೇ ಅಂದ್ಕೊಳ್ಳಿ. ಸ್ಟಾರ್ಟ್ ಮಾಡಿಸಿ ಹಿಂದೆ ನಿಂತು ಹೊಗೆ ನೋಡಿ. ರೇಸ್ ಮಾಡಿದಾಗ ದಟ್ಟ ಕಪ್ಪು ಹೊಗೆ ಬಂದ್ರೆ, ಸ್ವಲ್ಪ ಹೊಗೆನ ವಾಪಸ್ ಇಂಜಿನ್ನಿಗೇ ಕಳಿಸೋ ಇಜಿಆರ್‌ನಲ್ಲಿ ಮಸಿ ಕಟ್ಟಿರಬಹುದು ಇಲ್ಲ ಇಂಜೆಕ್ಟರ್ ಕೆಲಸ ಇರಬಹುದು, ನೀಲಿ ಬಂದ್ರೆ ಇಂಜಿನ್ ಆಯಿಲ್ ಸುಡ್ತಿದೆ, ಟರ್ಬೋನೋ ಪಿಸ್ಟನ್ ರಿಂಗೋ ಎರಡೂ ದುಬಾರಿ ಕೆಲಸ. ಇಂಜಿನ್ ಆನ್ ಇರುವಾಗಲೇ ಆಯಿಲ್ ಕ್ಯಾಪ್ ಬಿಚ್ಚಿ ಅಲ್ಲೇ ಸಡಿಲವಾಗಿ ಇಡಿ. ಸ್ವಲ್ಪ ನಡುಗಿದ್ರೆ ಪರವಾಗಿಲ್ಲ, ಹಾರಿ ಬಿದ್ರೆ ಅಥವಾ ಬುಸುಬುಸು ಹೊಗೆ ಬಂದ್ರೆ ಇಂಜಿನ್ ಒಳಗೇ ಸವೆದಿದೆ ಅಂತ, ಅಲ್ಲಿಂದ ಹೊರಡಿ.

ಆಮೇಲೆ ಟ್ರಯಲ್. ಮಾರೋರು ಬೀದಿ ಕೊನೆವರೆಗೆ ಹೋಗಿ ಬನ್ನಿ ಅಂತಾರೆ, ಒಪ್ಕೋಬೇಡಿ, ಚಾಮುಂಡಿ ಬೆಟ್ಟ ಹತ್ತಿಸಿ. ಮೂರನೇ ಗೇರಲ್ಲಿ ಆಕ್ಸಿಲರೇಟರ್ ಒತ್ತಿದಾಗ ಇಂಜಿನ್ ಸೌಂಡ್ ಮಾತ್ರ ಏರಿ ಗಾಡಿ ಎಳೀದಿದ್ರೆ ಕ್ಲಚ್ ಪ್ಲೇಟ್ ಮುಗಿದಿದೆ. ಇಳಿಯುವಾಗ ಬ್ರೇಕ್ ಹಿಡಿದ್ರೆ ಸ್ಟಿಯರಿಂಗ್ ಅದುರತ್ತಾ ನೋಡಿ. ಹಂಪ್ ಮೇಲೆ ನಿಧಾನಕ್ಕೆ ಹತ್ತಿಸಿ ಕಿಟಕಿ ಇಳಿಸಿ ಕೇಳಿಸ್ಕೊಳ್ಳಿ, ಟಕ್ ಟಕ್ ಅಂದ್ರೆ ಸಸ್ಪೆನ್ಷನ್ನಿನ ಲಿಂಕ್ ರಾಡ್ ಅಥವಾ ಲೋವರ್ ಆರ್ಮ್ ಬುಷ್ ಸವೆದಿದೆ, ಅದು ಈ ವಯಸ್ಸಿಗೆ ಮಾಮೂಲಿ, ರೇಟಲ್ಲಿ ಕಳೀರಿ ಅಷ್ಟೇ. ಏಸಿ ಆನ್ ಮಾಡ್ಕೊಂಡೇ ಓಡ್ಸಿ.

ಬೆಂಗಳೂರಿಂದ ಬಂದ ಗಾಡಿಯಾದ್ರೆ ನೀರಲ್ಲಿ ನಿಂತಿತ್ತಾ ನೋಡಲೇಬೇಕು. 2022ರ ಮಳೇಲಿ ರಾಮನಗರದ ಹತ್ರ ಹೈವೇನಲ್ಲಿ ಹಾಗೂ ಬೆಂಗಳೂರಲ್ಲಿ ಎಷ್ಟು ಕಾರು ಮುಳುಗಿದ್ವು ಅಂತ ನಾವೆಲ್ಲ ನೋಡಿದೀವಲ್ಲ. ಸೀಟ್ ಬೆಲ್ಟ್ ಪೂರ್ತಿ ಎಳೆದು ಕೊನೇಲಿ ಮಣ್ಣಿನ ಕಲೆ ಇದೆಯಾ ನೋಡಿ, ಸ್ಟೆಪ್ನಿ ತೆಗೆದು ಕೆಳಗೆ ಬೆರಳಾಡಿಸಿ, ಸೀಟಿನ ಬೋಲ್ಟ್ ತುಕ್ಕು ಹಿಡಿದಿದೆಯಾ ನೋಡಿ.

ಇನ್ನೊಂದು ನನಗೆ ತುಂಬಾ ಮುಖ್ಯ ಅನ್ಸೋದು. ದಿನಾ ಎಕ್ಸ್‌ಪ್ರೆಸ್‌ವೇಲಿ ಹೋಗೋರು ನೀವು, ಏರ್‌ಬ್ಯಾಗ್ ಎಬಿಎಸ್ ಎರಡೂ ಇರೋ ವೇರಿಯಂಟ್ ಬಿಟ್ಟು ಬೇರೇದು ದಯವಿಟ್ಟು ಬೇಡ, ರೇಟ್ ಎಷ್ಟೇ ಕಮ್ಮಿ ಸಿಕ್ರೂ. ಕೀ ಆನ್ ಮಾಡಿದಾಗ ಏರ್‌ಬ್ಯಾಗ್ ಲೈಟ್ ಹತ್ತಿ ಆರಬೇಕು. ಹತ್ತೋದೇ ಇಲ್ಲ ಅಂದ್ರೆ ದೊಡ್ಡ ಆಕ್ಸಿಡೆಂಟ್ ಆಗಿ ಏರ್‌ಬ್ಯಾಗ್ ಒಡೆದು, ಗೊತ್ತಾಗಬಾರ್ದು ಅಂತ ಲೈಟ್ ಕಟ್ ಮಾಡಿರೋ ಸಾಧ್ಯತೆ ಇದೆ.

ಪೇಪರ್ ವಿಷಯ ಬೇಗ ಹೇಳ್ತೀನಿ. ಓನರ್ ಹೆಸರು ಬದಲಿಸೋ ಫಾರ್ಮ್ 29, 30ಕ್ಕೆ ಸೈನ್, ಲೋನ್ ಇದ್ದಿದ್ರೆ ಬ್ಯಾಂಕ್ ಎನ್‌ಒಸಿ ಜೊತೆ ಲೋನ್ ತೀರಿದೆ ಅನ್ನೋ ಫಾರ್ಮ್ 35, 30 ದಿನದೊಳಗೆ ಆರ್‌ಸಿ, 14 ದಿನದೊಳಗೆ ಇನ್ಶೂರೆನ್ಸ್ ನಿಮ್ಮ ಹೆಸರಿಗೆ ಬದಲಿಸೋಕೆ ಅರ್ಜಿ ಹಾಕಿ. 10 ವರ್ಷ ಆದ ಡೀಸೆಲ್ ಗಾಡಿ ಓಡಿಸಬಾರ್ದು ಅನ್ನೋ ನಿಯಮ ನಮ್ಮಲ್ಲಿಲ್ಲ, ಆದ್ರೆ 2028ಕ್ಕೆ 15 ವರ್ಷ ತುಂಬತ್ತೆ, ಆಗ ಎಫ್‌ಸಿ ಮಾಡಿಸಿ ಆರ್‌ಸಿ ರಿನ್ಯೂ ಮಾಡಿಸ್ಬೇಕು, ಗ್ರೀನ್ ಟ್ಯಾಕ್ಸೂ ಬರತ್ತೆ, ಚೌಕಾಸಿ ಮಾಡುವಾಗ ಇದನ್ನ ಎತ್ತಿ. ಬಿ ಎಕ್ಸ್‌ಟ್ರಾಕ್ಟಲ್ಲಿ ಟ್ಯಾಕ್ಸಿ ಅಂತ ಬಂದ್ರೆ ನಾನಾಗಿದ್ರೆ ಬಿಟ್ಟುಬಿಡ್ತೀನಿ, ಕ್ಲೀನ್ ಆಗಿದ್ದು ಬೆಟ್ಟಾನೂ ಸಲೀಸಾಗಿ ಹತ್ತಿದ್ರೆ ಧೈರ್ಯವಾಗಿ ತಗೊಳ್ಳಿ, ಆದ್ರೆ ಎಲ್ಲ ಆಯಿಲು, ಫಿಲ್ಟರು, ಕೂಲೆಂಟು, ಬೇಕಾದ್ರೆ ನಾಲ್ಕು ಟೈರು ಹಾಕಿಸೋಕೆ ಆಗೋಷ್ಟು ದುಡ್ಡು ಪಕ್ಕಕ್ಕಿಟ್ಕೊಂಡೇ ವ್ಯಾಪಾರಕ್ಕೆ ಕೂತ್ಕೊಳ್ಳಿ.