ಓದುಗರ ಪ್ರಶ್ನೆ: ಐಸ್ ಮೇಲಿನ ‘ಖಾರ’

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಬ್ಬನೇ ಆಟಗಾರನ ಸುತ್ತ ಇವೆ: ಸ್ಲೊವಾಕಿಯಾದ ಐಸ್ ಹಾಕಿ ಡಿಫೆನ್ಸ್‌ಮನ್ (ರಕ್ಷಣಾ ಆಟಗಾರ) ಝ್ದೆನೊ ಖಾರಾ. ಎತ್ತರ 6 ಅಡಿ 9 ಅಂಗುಲ. ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ 24 ಸೀಸನ್ ಆಡಿ 2022ರಲ್ಲಿ ನಿವೃತ್ತರಾದರು, 2025ರಲ್ಲಿ ಹಾಲ್ ಆಫ್ ಫೇಮ್ ಸೇರಿದರು. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಕ್ಕೆ ಹಾಕಿ ಇವನ್ನು ಮೊದಲು ಮುಗಿಸುತ್ತೇವೆ.

ಪ್ರಶ್ನೆ: ಟಿವಿಯಲ್ಲಿ ‘ಚಾರಾ’ ಎನ್ನುತ್ತಾರೆ, ನೀವು ‘ಖಾರಾ’ ಎಂದು ಬರೆಯುತ್ತೀರಿ. ಯಾವುದು ಸರಿ?

ಅಮೆರಿಕದ ಕಾಮೆಂಟರಿಯಲ್ಲಿ ಚಾರಾ ಎಂದೇ ರೂಢಿ. ಸ್ಲೊವಾಕ್ ಭಾಷೆಯಲ್ಲಿ ಆ ಅಕ್ಷರದ ಉಚ್ಚಾರ ಗಂಟಲಿನಿಂದ ಬರುವ ‘ಖ’ಕ್ಕೆ ಹತ್ತಿರ. ಅವರ ಹೊಡೆತಕ್ಕೆ ಅಡ್ಡ ನಿಂತ ಗೋಲ್‌ಕೀಪರ್‌ಗಳಿಗೆ ಕನ್ನಡ ಬರುತ್ತಿದ್ದರೆ ಈ ಉಚ್ಚಾರವನ್ನೇ ಒಪ್ಪುತ್ತಿದ್ದರು.

ಪ್ರಶ್ನೆ: ಅಷ್ಟು ಎತ್ತರ ಇದ್ದರೆ ಆಟ ಸುಲಭವಲ್ಲವೇ? ಶುರುವಿನಲ್ಲಿ ಅವರನ್ನು ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ ಎಂದು ಓದಿದೆ. ಯಾಕೆ?

ಎತ್ತರವೇ ಕಾರಣ. ಬಾಸ್ಕೆಟ್‌ಬಾಲ್‌ನಲ್ಲಿ ವರವಾಗುವುದು ಐಸ್ ಮೇಲೆ ಮೊದಲಿಗೆ ಹೊರೆ. ದೇಹದ ಭಾರ ಎಷ್ಟು ಮೇಲಿರುತ್ತದೋ ತಿರುವಿನಲ್ಲಿ ಆಯ ತಪ್ಪುವ ಭಯ ಅಷ್ಟು. ಉದ್ದ ಕಾಲಿನವರು ದಿಕ್ಕು ಬದಲಿಸಲು ದೊಡ್ಡ ವೃತ್ತ ಹೊಡೆಯಬೇಕು, ಅಷ್ಟರಲ್ಲಿ ಕುಳ್ಳ ಫಾರ್ವರ್ಡ್ ಒಳಗಿನಿಂದ ನುಸುಳಿ ಹೋಗಿರುತ್ತಾನೆ. ಅವರು 1977ರಲ್ಲಿ ಹುಟ್ಟಿದ ತ್ರೆಂಚೀನ್ ಊರು ಹಾಕಿ ಆಟಗಾರರ ಕಣಜ. ಅಲ್ಲಿನ ದುಕ್ಲಾ ಕ್ಲಬ್‌ನಲ್ಲಿ ಸೀನಿಯರ್ ತಂಡದ ಬಾಗಿಲು ಅವರಿಗೆ ತೆರೆಯಲಿಲ್ಲ.

1996ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆ) ಎನ್‌ಎಚ್‌ಎಲ್ ತಂಡ ನ್ಯೂಯಾರ್ಕ್ ಐಲ್ಯಾಂಡರ್ಸ್ ಅವರನ್ನು ಮೂರನೇ ಸುತ್ತಿನಲ್ಲಿ, 56ನೆಯವರಾಗಿ ಆರಿಸಿತು. ಅಲ್ಲಿಂದ ನೇರ ಎನ್‌ಎಚ್‌ಎಲ್‌ಗೆ ಹೋಗಲಿಲ್ಲ. ಕೆನಡಾದ ಪ್ರಿನ್ಸ್ ಜಾರ್ಜ್ ಕೂಗರ್ಸ್ ಜೂನಿಯರ್ ತಂಡದಲ್ಲಿ ಒಂದು ಸೀಸನ್ ಕಳೆದರು. 49 ಪಂದ್ಯ, ಮೂರೇ ಗೋಲು. ತಂದೆ ಝ್ದೆನೆಕ್ 1976ರ ಒಲಿಂಪಿಕ್ಸ್‌ನಲ್ಲಿ ಗ್ರೀಕೊ-ರೋಮನ್ ಕುಸ್ತಿ ಆಡಿದವರು. ಮೈ ಹುರಿಗೊಳಿಸುವುದು ಮನೆಯಲ್ಲೇ ಕಲಿತ ವಿದ್ಯೆ. ಕಲಿಯಬೇಕಾಗಿದ್ದದ್ದು ಸ್ಕೇಟಿಂಗ್.

ಎತ್ತರದ ಲಾಭ ಕಾಣಿಸಿದ್ದು ಸ್ಟಿಕ್‌ನ ಚಾಚಿನಲ್ಲಿ. ಎದುರಾಳಿಯ ಮೈಗೆ ಹೋಗುವ ಬದಲು ಹಿಂದಕ್ಕೆ ಸ್ಕೇಟ್ ಮಾಡುತ್ತ, ಒಂದೇ ಕೈಯಲ್ಲಿ ಸ್ಟಿಕ್ ಚಾಚಿ ಮಧ್ಯದ ದಾರಿ ಮುಚ್ಚುವುದು. ಆಗ ಆತ ಬೋರ್ಡ್ (ಅಂಗಳದ ಸುತ್ತಲಿನ ಗೋಡೆ) ಕಡೆಗೆ ಹೋಗಲೇಬೇಕು. ಅಲ್ಲಿ ಒತ್ತಿ ಹಿಡಿಯಲು ಭಾರ ಸಾಕು. ಈ ಅಭ್ಯಾಸಕ್ಕೆ 2005ರಲ್ಲಿ ಬೆಲೆ ಬಂತು. ಆ ಸೀಸನ್‌ನಿಂದ ಎದುರಾಳಿಯನ್ನು ಹಿಡಿಯುವುದು, ಸ್ಟಿಕ್‌ನಿಂದ ಕೊಕ್ಕೆ ಹಾಕುವುದು ಎರಡಕ್ಕೂ ರೆಫರಿಗಳು ಬಿಡದೆ ಪೆನಾಲ್ಟಿ ಕೊಡತೊಡಗಿದರು. ಕೊಕ್ಕೆಯನ್ನೇ ನಂಬಿಕೊಂಡಿದ್ದ ನಿಧಾನಗತಿಯ ದೊಡ್ಡ ಡಿಫೆನ್ಸ್‌ಮನ್‌ಗಳಿಗೆ ಕಷ್ಟವಾಯಿತು, ಖಾರಾ ಉಳಿದುಕೊಂಡರು.

ಪ್ರಶ್ನೆ: ಇಂಥವರನ್ನು ಎರಡು ತಂಡಗಳು ಕೈಬಿಟ್ಟದ್ದು ಹೇಗೆ?

ಮೊದಲನೆಯದನ್ನು ಕ್ಷಮಿಸುವುದು ಕಷ್ಟ. 2001ರ ಜೂನ್‌ನಲ್ಲಿ ಐಲ್ಯಾಂಡರ್ಸ್ ತಂಡ ಒಟ್ಟಾವಾ ಸೆನೆಟರ್ಸ್‌ನ ಆಟಗಾರ ಅಲೆಕ್ಸೈ ಯಾಶಿನ್‌ಗಾಗಿ ಆ ತಂಡಕ್ಕೆ ಖಾರಾ, ಬಿಲ್ ಮಕಾಲ್ಟ್ ಮತ್ತು ಆ ವರ್ಷದ ಡ್ರಾಫ್ಟ್‌ನ ಎರಡನೇ ಆಯ್ಕೆ, ಮೂರನ್ನೂ ಕೊಟ್ಟಿತು. ಆ ಆಯ್ಕೆಯಿಂದ ಒಟ್ಟಾವಾಗೆ ಸಿಕ್ಕವರು ಜೇಸನ್ ಸ್ಪೆಜಾ. ಯಾಶಿನ್ ಜತೆ ಐಲ್ಯಾಂಡರ್ಸ್ ಮಾಡಿಕೊಂಡದ್ದು ಹತ್ತು ವರ್ಷದ 8.75 ಕೋಟಿ ಡಾಲರ್ ಒಪ್ಪಂದ. 2007ರಲ್ಲಿ ಹಣ ತೆತ್ತು ಅದನ್ನು ಮುಗಿಸಿಕೊಳ್ಳಬೇಕಾಯಿತು.

ಎರಡನೆಯದು ಲೆಕ್ಕದ ಪೇಚು. 2005ರಿಂದ ಪ್ರತಿ ತಂಡದ ಒಟ್ಟು ಸಂಬಳಕ್ಕೆ ಮಿತಿ ಬಂತು. 2006–07ರಲ್ಲಿ ಅದು 4.4 ಕೋಟಿ ಡಾಲರ್. ಒಟ್ಟಾವಾ ಬಳಿ ಆಗ ಖಾರಾ ಮತ್ತು ವೇಡ್ ರೆಡನ್, ಇಬ್ಬರು ದುಬಾರಿ ಡಿಫೆನ್ಸ್‌ಮನ್‌ಗಳಿದ್ದರು. ತಂಡ ರೆಡನ್‌ರನ್ನು ಉಳಿಸಿಕೊಂಡಿತು. ಖಾರಾ ಐದು ವರ್ಷಕ್ಕೆ 3.75 ಕೋಟಿ ಡಾಲರ್‌ನಂತೆ ಬಾಸ್ಟನ್ ಬ್ರೂಯಿನ್ಸ್ ಸೇರಿದರು. ವರ್ಷಕ್ಕೆ 75 ಲಕ್ಷ ಡಾಲರ್ ಅಂದರೆ ಇಡೀ ತಂಡದ ಮಿತಿಯಲ್ಲಿ ಶೇ 17 ಒಬ್ಬರಿಗೇ! ಬಾಸ್ಟನ್ ಬಂದ ದಿನವೇ ಎಂಬಂತೆ ಕ್ಯಾಪ್ಟನ್ ಪಟ್ಟವನ್ನೂ ಕೊಟ್ಟಿತು. 2009ರಲ್ಲಿ ಶ್ರೇಷ್ಠ ಡಿಫೆನ್ಸ್‌ಮನ್‌ಗೆ ಕೊಡುವ ನಾರಿಸ್ ಟ್ರೋಫಿ, 2011ರಲ್ಲಿ ವ್ಯಾಂಕೂವರ್ ವಿರುದ್ಧ ಏಳು ಪಂದ್ಯಗಳ ಫೈನಲ್ ಗೆದ್ದು ಲೀಗ್‌ನ ಚಾಂಪಿಯನ್‌ಗೆ ಸಿಗುವ ಸ್ಟ್ಯಾನ್ಲಿ ಕಪ್. ಬಾಸ್ಟನ್‌ಗೆ ಅದು 1972ರ ನಂತರದ ಮೊದಲ ಕಪ್.

ಪ್ರಶ್ನೆ: ಗಂಟೆಗೆ 175 ಕಿ.ಮೀ. ವೇಗದ ಹೊಡೆತ ತೋಳ್ಬಲದಿಂದ ಬಂದದ್ದೇ? ಅವರ ಸ್ಟಿಕ್ ಬೇರೆಯೇ ಅಂತೆ, ಹೌದೇ?

2012ರಲ್ಲಿ ಒಟ್ಟಾವಾದ ಆಲ್-ಸ್ಟಾರ್ ಸ್ಪರ್ಧೆಯಲ್ಲಿ ದಾಖಲಾದದ್ದು ಗಂಟೆಗೆ 108.8 ಮೈಲಿ, ಅಂದರೆ 175.1 ಕಿ.ಮೀ. ಆ ಸ್ಪರ್ಧೆಯಲ್ಲಿ ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ನಿಂತಿರುತ್ತದೆ, ಓಡಿ ಬಂದು ಹೊಡೆಯಬಹುದು, ಎದುರಿಗೆ ಯಾರೂ ಇರುವುದಿಲ್ಲ. ಪಂದ್ಯದಲ್ಲಿ ಅಷ್ಟು ಪುರುಸೊತ್ತು ಸಿಗದು.

ತೋಳಿನದು ಅರ್ಧ ಕೆಲಸ. ಸ್ಟಿಕ್ ಎತ್ತಿ ಬಲವಾಗಿ ಬೀಸುವ ಸ್ಲ್ಯಾಪ್ ಶಾಟ್‌ನಲ್ಲಿ ಸ್ಟಿಕ್ ತುದಿಯ ಬ್ಲೇಡ್ ಮೊದಲು ತಾಗುವುದು ಪಕ್‌ಗಲ್ಲ, ಅದರ ಕೆಲವು ಅಂಗುಲ ಹಿಂದಿರುವ ಐಸ್‌ಗೆ. ಅಲ್ಲಿ ತಡೆದು ಸ್ಟಿಕ್‌ನ ದಂಡ ಬಿಲ್ಲಿನಂತೆ ಬಾಗುತ್ತದೆ. ಆ ಕ್ಷಣದಲ್ಲೇ ಮೈಭಾರ ಹಿಂಗಾಲಿನಿಂದ ಮುಂಗಾಲಿಗೆ ದಾಟಬೇಕು. ಬಾಗಿದ ದಂಡ ನೆಟ್ಟಗಾಗುತ್ತ ಪಕ್ಕನ್ನು ಚಿಮ್ಮಿಸುತ್ತದೆ. ತಪ್ಪಾಗುವುದೂ ಇಲ್ಲೇ: ತೀರಾ ಹಿಂದೆ ಐಸ್‌ಗೆ ಬಡಿದರೆ ಶಕ್ತಿಯೆಲ್ಲ ಅಲ್ಲೇ ಸೋರಿಹೋಗುತ್ತದೆ, ನೇರ ಪಕ್‌ಗೇ ಬಡಿದರೆ ದಂಡ ಸರಿಯಾಗಿ ಬಾಗುವುದಿಲ್ಲ, ಭಾರ ಹಿಂಗಾಲಲ್ಲೇ ಉಳಿದರೆ ಪಕ್ ಮೇಲಕ್ಕೆ ಹಾರುತ್ತದೆಯೇ ಹೊರತು ವೇಗ ಬರುವುದಿಲ್ಲ.

ಸ್ಟಿಕ್‌ನ ಗಡಸುತನವನ್ನು ‘ಫ್ಲೆಕ್ಸ್’ ಅಂಕಿಯಲ್ಲಿ ಅಳೆಯುತ್ತಾರೆ. ದಂಡವನ್ನು ಒಂದು ಅಂಗುಲ ಬಾಗಿಸಲು ಎಷ್ಟು ಪೌಂಡ್ ಒತ್ತಡ ಬೇಕೋ ಅದೇ ಅಂಕಿ. ಮೈತೂಕದ ಪೌಂಡ್‌ನಲ್ಲಿ ಅರ್ಧ ಎಂಬುದು ಹೊಸಬರಿಗೆ ಹೇಳುವ ಸ್ಥೂಲ ಲೆಕ್ಕ; ವಯಸ್ಕರಲ್ಲಿ 75ರಿಂದ 100 ಸಾಮಾನ್ಯ. ಖಾರಾ ಅವರದು 150ರ ಆಸುಪಾಸು. ಜಂಬಕ್ಕಲ್ಲ, ಒಂದೇ ದಂಡವನ್ನು ಉದ್ದ ಮಾಡಿದಷ್ಟೂ ಅದು ಮೆತ್ತಗಾಗುತ್ತದೆ, ಕತ್ತರಿಸಿದಷ್ಟೂ ಗಡಸಾಗುತ್ತದೆ. ಉದ್ದದ ಸ್ಟಿಕ್ ಬೇಕಾದವರು ಗಡಸನ್ನೂ ಏರಿಸಿಕೊಳ್ಳಲೇಬೇಕು. ಎನ್‌ಎಚ್‌ಎಲ್ ನಿಯಮದಲ್ಲಿ ಸ್ಟಿಕ್ ಉದ್ದ 63 ಅಂಗುಲ ಮೀರುವಂತಿಲ್ಲ. 6 ಅಡಿ 6 ಅಂಗುಲ ಅಥವಾ ಹೆಚ್ಚು ಎತ್ತರದವರು ಅನುಮತಿ ಪಡೆದು 65ರವರೆಗೆ ಹೋಗಬಹುದು. ಈ ಪೌಂಡು-ಅಂಗುಲ ನೋಡಿ ಮಕ್ಕಳಿಗೆ ಗಡಸು ಸ್ಟಿಕ್ ಕೊಡಿಸಬೇಡಿ. ಬಾಗದ ಸ್ಟಿಕ್ ಬರೀ ಕೋಲು.

ಪ್ರಶ್ನೆ: 2011ರಲ್ಲಿ ಮಾಂಟ್ರಿಯಲ್ ಆಟಗಾರನಿಗೆ ಅವರಿಂದ ಭಾರೀ ಪೆಟ್ಟಾಯಿತು. ಶಿಕ್ಷೆ ಆಯಿತೇ?

ಮಾರ್ಚ್ 8ರಂದು ಮ್ಯಾಕ್ಸ್ ಪ್ಯಾಚಿಯೊರೆಟಿ ಅವರನ್ನು ಖಾರಾ ಬೋರ್ಡ್‌ಗೆ ತಳ್ಳಿದಾಗ ಅವರ ತಲೆ ಎರಡು ತಂಡಗಳ ಬೆಂಚುಗಳ ನಡುವೆ ಗಾಜಿನ ತಡೆಗೆ ಆಧಾರವಾಗಿದ್ದ ಕಂಬಕ್ಕೆ ಬಡಿಯಿತು. ಕುತ್ತಿಗೆಯ ಮೂಳೆ ಬಿರುಕುಬಿಟ್ಟಿತು, ಮಿದುಳಿಗೂ ಆಘಾತವಾಯಿತು. ರೆಫರಿ ಖಾರಾರನ್ನು ಪಂದ್ಯದಿಂದ ಹೊರಹಾಕಿದರು. ಲೀಗ್ ಮಾತ್ರ ಅಮಾನತು ಮಾಡಲಿಲ್ಲ. ಪಕ್ ತಮ್ಮ ಬಳಿ ಇಲ್ಲದ ಆಟಗಾರನನ್ನು ತಳ್ಳಿದ್ದು ತಪ್ಪೇ. ಆದರೆ ಗಾಯ ಅಷ್ಟು ದೊಡ್ಡದಾದದ್ದು ಕಂಬದಿಂದ. ಮುಂದಿನ ಸೀಸನ್‌ನಿಂದ ಆ ಜಾಗದಲ್ಲಿ ಬಾಗಿದ ಗಾಜು ಬಂತು.

ಪ್ರಶ್ನೆ: 2002ರಲ್ಲಿ ಸ್ಲೊವಾಕಿಯಾ ವಿಶ್ವ ಚಾಂಪಿಯನ್ ಆದಾಗ ಖಾರಾ ತಂಡದಲ್ಲೇ ಇರಲಿಲ್ಲವಲ್ಲ?

ಇರಲು ಸಾಧ್ಯವಿರಲಿಲ್ಲ. ವಿಶ್ವ ಚಾಂಪಿಯನ್‌ಶಿಪ್ ನಡೆಯುವುದು ಏಪ್ರಿಲ್–ಮೇನಲ್ಲಿ, ಅದೇ ಹೊತ್ತಿಗೆ ಸ್ಟ್ಯಾನ್ಲಿ ಕಪ್‌ಗಾಗಿ ನಡೆಯುವ ಕೊನೆಯ ಹಂತದ ಪಂದ್ಯಗಳು, ಪ್ಲೇಆಫ್. ಯಾರ ಕ್ಲಬ್ ಬೇಗ ಸೋಲುತ್ತದೋ ಅವರು ದೇಶಕ್ಕೆ ಸಿಗುತ್ತಾರೆ. ಗೋಥೆನ್‌ಬರ್ಗ್‌ನಲ್ಲಿ ಸ್ಲೊವಾಕಿಯಾ ರಷ್ಯಾವನ್ನು 4–3ರಿಂದ ಸೋಲಿಸಿದಾಗ ಒಟ್ಟಾವಾ ಇನ್ನೂ ಟೊರಾಂಟೊ ಜತೆ ಸೆಣಸುತ್ತಿತ್ತು. 1993ರಲ್ಲಿ ಚೆಕೊಸ್ಲೊವಾಕಿಯಾ ಹೋಳಾದಾಗ ಅಗ್ರ ಗುಂಪಿನ ಸ್ಥಾನ ಚೆಕ್ ಪಾಲಾಗಿ, ಸ್ಲೊವಾಕಿಯಾ 1994ರಲ್ಲಿ ಮೂರನೇ ದರ್ಜೆಯ ಸಿ ಗುಂಪಿನಿಂದ ಆರಂಭಿಸಿತ್ತು. ಎಂಟೇ ವರ್ಷದಲ್ಲಿ ಚಿನ್ನ.

2012ರಲ್ಲಿ ಬಾಸ್ಟನ್ ಮೊದಲ ಸುತ್ತಿನಲ್ಲೇ ಸೋತಿತು, ಖಾರಾ ಕ್ಯಾಪ್ಟನ್ ಆಗಿ ಹೆಲ್ಸಿಂಕಿಗೆ ಹೋದರು. ಫೈನಲ್‌ನಲ್ಲಿ ರಷ್ಯಾ 6–2ರಿಂದ ಗೆದ್ದಿತು. ಸ್ಲೊವಾಕಿಯಾದ ಎರಡೂ ಗೋಲು ಖಾರಾ ಅವರವೇ. ಪದಕ ಪಡೆಯುವಾಗ ತಂಡ ಧರಿಸಿದ್ದು 38ನೇ ನಂಬರಿನ ಜೆರ್ಸಿ. ಅದು 2011ರ ಸೆಪ್ಟೆಂಬರ್‌ನಲ್ಲಿ ಯಾರೊಸ್ಲಾವ್ಲ್ ವಿಮಾನ ದುರಂತದಲ್ಲಿ ತೀರಿಕೊಂಡ ಸ್ಲೊವಾಕಿಯಾದ ಆಟಗಾರ ಪಾವೊಲ್ ದೆಮಿತ್ರಾ ಅವರ ನಂಬರು.

ಪ್ರಶ್ನೆ: ಅವರ 1,680 ಪಂದ್ಯಗಳ ದಾಖಲೆ ಮುರಿಯಬಹುದೇ?

ಡಿಫೆನ್ಸ್‌ಮನ್‌ಗಳ ಪೈಕಿ ಅದೇ ಅತಿ ಹೆಚ್ಚು. 2022ರ ಫೆಬ್ರವರಿಯಲ್ಲಿ ಕ್ರಿಸ್ ಚೆಲಿಯೊಸ್ ಅವರ 1,651 ಅನ್ನು ದಾಟಿದರು. ಸೀಸನ್‌ಗೆ 82 ಪಂದ್ಯದಂತೆ ಒಂದೂ ತಪ್ಪಿಸದೆ ಇಪ್ಪತ್ತು ಸೀಸನ್ ಆಡಿದರೂ ಆಗುವುದು 1,640. 2026–27ರಿಂದ ಸೀಸನ್‌ಗೆ 84 ಪಂದ್ಯ. ಆಗ ಇಪ್ಪತ್ತು ಸೀಸನ್‌ಗೆ ಸರಿಯಾಗಿ 1,680 ಆಗುತ್ತದೆ. ಇಪ್ಪತ್ತೊಂದನೇ ಸೀಸನ್‌ನ ಮೊದಲ ಪಂದ್ಯಕ್ಕೆ ಇಳಿದರೆ ದಾಖಲೆ.