ನೀವು ಕೇಳಿದ್ದು: ಬಚ್ಚಲಿಗೆ ಬಂದ ಹುಳುಹಾವು

ಪ್ರಶ್ನೆ: ಮೊನ್ನೆ ಜೋರು ಮಳೆ ಬಂದ ರಾತ್ರಿ ಬಚ್ಚಲಲ್ಲಿ ಕಪ್ಪಗೆ, ಸಣ್ಣಗೆ ಏನೋ ಹರಿದಾಡುತ್ತಿತ್ತು. ಎರೆಹುಳು ಅಂದುಕೊಂಡು ಪೊರಕೆಯಲ್ಲಿ ತಳ್ಳಿದೆ. ಅದು ನಾಲಿಗೆ ಚಾಚಿತು! ಹೆದರಿ ಉಪ್ಪು ಸುರಿದೆ, ಸಾಯಲಿಲ್ಲ. ಹಾವಿನ ಮರಿಯಾದರೆ ತಾಯಿಯೂ ಇಲ್ಲೇ ಎಲ್ಲೋ ಇರಬೇಕಲ್ವಾ?

ಉತ್ತರ: ತಾಯಿಯನ್ನು ಹುಡುಕಬೇಡಿ. ನೀವು ನೋಡಿದ್ದೇ ಬೆಳೆದ ಹಾವು ಇರಬೇಕು. ಹುಳುಹಾವು ಅಂತಾರೆ, ಕುರುಡು ಹಾವು ಅಂತಲೂ ಅಂತಾರೆ. ಪೂರ್ತಿ ಬೆಳೆದರೂ ಸಾಮಾನ್ಯವಾಗಿ 10ರಿಂದ 17 ಸೆಂಟಿಮೀಟರ್ ಉದ್ದ, ಪೆನ್ನಿನ ರೀಫಿಲ್‌ನಷ್ಟು ದಪ್ಪ. ವಿಷ ಇಲ್ಲ. ಕಚ್ಚೋಣವೆಂದರೂ ಆ ಬಾಯಿಗೆ ನಿಮ್ಮ ಬೆರಳು ಹಿಡಿಸುವುದಿಲ್ಲ.

ಎರೆಹುಳು ಅಂದುಕೊಂಡಿದ್ದಕ್ಕೆ ಬೇಜಾರು ಬೇಡ. ನಾನೂ ಒಮ್ಮೆ ಒಂದನ್ನು ಬರಿಗೈಯಲ್ಲಿ ಎತ್ತಿ ಗಿಡದ ಬುಡಕ್ಕೆ ಬಿಡಲು ಹೋಗಿದ್ದೆ, ಮಣ್ಣು ಹಗುರ ಮಾಡಲಿ ಅಂತ. ಬೆರಳ ಸಂದಿಯಿಂದ ನುಣುಚಿದ ರೀತಿ ನೋಡಿಯೇ ಅನುಮಾನ ಬಂತು. ಕೈಗೆ ಒಂಥರಾ ಕೆಟ್ಟ ವಾಸನೆಯನ್ನೂ ಮೆತ್ತಿ ಹೋಯಿತು. ಹೆದರಿದರೆ ಅದು ಹಾಗೆ ಮಾಡುತ್ತದೆ. ಎರೆಹುಳು ಹಿಗ್ಗಿ ಕುಗ್ಗಿ ಸಾಗುತ್ತದೆ. ಮೈ ಅಂಟಂಟು, ಉದ್ದಕ್ಕೂ ಉಂಗುರದ ಗೆರೆ. ಹುಳುಹಾವಿನ ಮೈ ಒಣ, ಪಾಲಿಶ್ ಹಾಕಿದ ಹಾಗೆ ಹೊಳಪು, ಅಂಕುಡೊಂಕಾಗಿ ಸರಸರ ಓಟ. ಟಾರ್ಚ್ ಹಿಡಿದು ಹತ್ತಿರದಿಂದ ನೋಡಿದರೆ ಒಂದು ತುದಿಯಲ್ಲಿ ಹುರುಪೆಯ ಕೆಳಗೆ ಎರಡು ಮಸುಕು ಚುಕ್ಕಿ ಕಾಣುತ್ತವೆ. ಅವೇ ಕಣ್ಣು. ಬೆಳಕೋ ಕತ್ತಲೆಯೋ ಅಂತ ತಿಳಿದರೆ ಸಾಕು ಅದಕ್ಕೆ.

ಉಪ್ಪು ಬಸವನಹುಳುವಿನ ಒದ್ದೆ ಮೈಯಿಂದ ನೀರು ಹೀರಿಬಿಡುತ್ತದೆ. ಹುರುಪೆ ಹೊದ್ದ ಹಾವಿಗೆ ಅದು ನಾಟುವುದಿಲ್ಲ, ಸುಮ್ನೆ ದಂಡ. ಮಣ್ಣಿನ ಸಂದುಗಳಲ್ಲಿ ಮಳೆನೀರು ತುಂಬಿದಾಗ ಇವು ಮೇಲೆ ಬರುತ್ತವೆ. ಮೋರಿ ತೂತಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿಸಿ. ಒಳಗೆ ಬಂದದ್ದನ್ನು ಕಾಗದದ ಮೇಲೆ ಹತ್ತಿಸಿಕೊಂಡು ಹೊರಗೆ ಮೆದು ಮಣ್ಣಿಗೆ ಬಿಟ್ಟರೆ ನೋಡನೋಡುತ್ತಲೇ ಮಾಯ.

ಒಂದು ಎಚ್ಚರಿಕೆ ಇರಲಿ. ತಲೆ, ಕತ್ತು ಬೇರೆ ಬೇರೆ ಅಂತ ಗೊತ್ತಾಗುತ್ತಿದ್ದರೆ, ಕಣ್ಣು ಎದ್ದು ಕಾಣುತ್ತಿದ್ದರೆ, ಮೈಮೇಲೆ ಪಟ್ಟೆ ಇದ್ದರೆ ಅದು ಹುಳುಹಾವಲ್ಲ. ವಿಷದ ಹಾವಿನ ಮರಿಗೂ ವಿಷ ಇರುತ್ತದೆ. ಆಗ ಕಾಗದ ಗೀಗದ ಅಂತ ಸಾಹಸ ಬೇಡ, ಹಾವು ಹಿಡಿಯುವವರನ್ನು ಕರೆಯಿರಿ.

ಪ್ರಶ್ನೆ: ಹುಳುಹಾವನ್ನು ಕೈಗೆತ್ತಿಕೊಂಡೆ, ಬಾಲದಿಂದ ಚುಚ್ಚಿತು. ಇಂಜೆಕ್ಷನ್ ಬೇಕಾ?

ಉತ್ತರ: ಬೇಡ. ಬಾಲದ ತುದಿಯಲ್ಲಿ ಮುಳ್ಳಿನಂಥ ಮೊನೆ ಇದೆ. ಅದನ್ನು ಮಣ್ಣಿಗೆ ಊರಿಕೊಂಡು ಮೈಯನ್ನು ಮುಂದಕ್ಕೆ ತಳ್ಳುತ್ತದೆ. ನಿಮ್ಮ ಅಂಗೈಗೂ ಹಾಗೇ ಊರಿದೆ, ಅಷ್ಟೇ. ಸೋಪು ಹಾಕಿ ಕೈ ತೊಳೆದುಕೊಳ್ಳಿ.

ಪ್ರಶ್ನೆ: ನಮ್ಮದು ಮೂರನೇ ಮಹಡಿ. ಹೂಕುಂಡದ ಮಣ್ಣು ಕೆದಕಿದರೆ ನಾಲ್ಕು ಹುಳುಹಾವು! ಇಷ್ಟು ಎತ್ತರಕ್ಕೆ ಹೇಗೆ ಬಂದವು? ಗಂಡು ಹೆಣ್ಣು ಸೇರಿ ಮನೆ ತುಂಬಿಬಿಟ್ಟರೆ?

ಉತ್ತರ: ಬಹುಶಃ ನೀವೇ ಎತ್ತಿಕೊಂಡು ಬಂದಿದ್ದೀರಿ, ಕುಂಡದ ಸಮೇತ. ಈ ಹಾವು ಊರೂರು ಸುತ್ತುವುದೇ ಹಾಗೆ. ಗಿಡದ ಮಣ್ಣಿನಲ್ಲಿ ಕೂತು ಸಮುದ್ರ ದಾಟಿದೆ. ಅಂಟಾರ್ಕ್ಟಿಕಾ ಬಿಟ್ಟು ಎಲ್ಲ ಖಂಡಗಳಲ್ಲೂ ಈಗ ಇದೆ.

ಗಂಡಿನ ಚಿಂತೆ ಬಿಡಿ, ಈ ಜಾತಿಯಲ್ಲಿ ಎಲ್ಲವೂ ಹೆಣ್ಣು! ಜೋಡಿಯಿಲ್ಲದೆಯೇ ಮೊಟ್ಟೆ ಇಡುತ್ತವೆ, ಮರಿಗಳೂ ಹೆಣ್ಣೇ, ತಾಯಿಯ ಪಡಿಯಚ್ಚು. ಒಂದೇ ಒಂದು ಹಾವು ಹೋದರೂ ಹೊಸ ಜಾಗದಲ್ಲಿ ಸಂಸಾರ ಶುರು. ಆದರೆ ಮನೆ ತುಂಬುವುದಿಲ್ಲ. ಒಂದು ಸಲಕ್ಕೆ ಇಡುವುದು ಕೆಲವೇ ಮೊಟ್ಟೆ, ತಿನ್ನುವುದು ಇರುವೆ, ಗೆದ್ದಲುಗಳ ಮೊಟ್ಟೆ ಮರಿಗಳನ್ನು. ಗಿಡದ ಬೇರು ಮುಟ್ಟುವುದಿಲ್ಲ. ನಿಮ್ಮ ಕುಂಡದಲ್ಲಿ ಇರುವೆಗೂಡು ಇದೆಯಾ, ಒಮ್ಮೆ ನೋಡಿ.

ನಾನಾಗಿದ್ದರೆ ಹಾಗೇ ಬಿಡುತ್ತಿದ್ದೆ. ಮನಸ್ಸು ಒಪ್ಪದಿದ್ದರೆ ಕುಂಡವನ್ನು ಕೆಳಗೆ ಒಯ್ದು ಹಾಳೆಯ ಮೇಲೆ ಮಣ್ಣು ಸುರಿಯಿರಿ. ಹಾವುಗಳನ್ನು ಮರದ ಬುಡಕ್ಕೆ ಬಿಟ್ಟು ಗಿಡವನ್ನು ಮತ್ತೆ ನೆಡಿ. ಮಣ್ಣಿನಲ್ಲಿ ಉದ್ದನೆಯ ಪುಟ್ಟ ಬಿಳಿ ಮೊಟ್ಟೆ ಸಿಕ್ಕರೆ ಅವನ್ನೂ ಅಲ್ಲೇ ಹೂತುಬಿಡಿ.